ಕೂಸಪ್ಪಣ್ಣನ ಎಡಬದಿಯ ಮುಂಡು

ಕೂಸಪ್ಪಣ್ಣ ಮೂವತ್ತೆಂಟು ವರ್ಷ ಬಂಟ್ವಾಳ–ಬೆಳ್ತಂಗಡಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಅವರು ಸೀಟಿ ಊದಿದರೆ ಪುಂಜಾಲಕಟ್ಟೆಯಲ್ಲಿ ಬಸ್ಸು ಮಾತ್ರವಲ್ಲ, ಎದುರಿನ ಹೋಟೆಲಿನಲ್ಲಿ ಹಾರುತ್ತಿದ್ದ ನೊಣವೂ ನಿಲ್ಲುತ್ತಿತ್ತು. ಐವತ್ತು ಸೀಟಿನ ಬಸ್ಸಿಗೆ ಇನ್ನೂರು ಜನರನ್ನು ತುಂಬಿಸಿ, "ಹಿಂದೆ ಹೋಗಿ, ಹಿಂದೆ ಜಾಗ ಉಂಟು" ಎನ್ನುತ್ತಿದ್ದರು. ಹಾಗೆ ಹಿಂದೆ ಹಿಂದೆ ಹೋದ ಕೆಲವರು ಹಿಂದಿನ ಸ್ಟಾಪಿನಲ್ಲೇ ಇಳಿದದ್ದೂ ಉಂಟು.

ಕಳೆದ ವರ್ಷ ಅವರಿಗೆ ಸ್ಟ್ರೋಕ್ ಆಯಿತು. ಕಾಲು ಎರಡು ತಿಂಗಳಲ್ಲಿ ಸರಿಯಾಯಿತು. ನಾಲಗೆಯ ಹತ್ತಿರ ಹೋದ ಸ್ಟ್ರೋಕು ತಾನೇ ಕಿವುಡಾಗಿ ವಾಪಸು ಬಂತೆಂದು ಹೆಂಡತಿ ಕಾಂತಿಯಕ್ಕ ಹೇಳುತ್ತಾರೆ. ಬಲಗೈ ಮಾತ್ರ ಏಳಲಿಲ್ಲ. ಅಂದಿನಿಂದ ಅಂಗಿಯ ಗುಂಡಿ ಹಾಕುವುದು, ಸೊಂಟಕ್ಕೆ ಮುಂಡು ಸುತ್ತಿ ಉಡಿಸುವುದು ಎಲ್ಲ ಕಾಂತಿಯಕ್ಕನ ಕೆಲಸ. ಕೂಸಪ್ಪಣ್ಣ ಅಂಗಳ ದಾಟುವುದನ್ನೇ ಬಿಟ್ಟರು.

ಅಷ್ಟರಲ್ಲಿ ಮೊಮ್ಮಗಳು ಪ್ರಾಪ್ತಿಗೆ ಸಂಬಂಧ ಕೂಡಿ ಬಂತು. ಮೂಡುಬಿದಿರೆಯ ಮದುವೆ ಹಾಲಿನಲ್ಲಿ ನಿಶ್ಚಿತಾರ್ಥ.

"ನಾನೇ ಉಟ್ಟುಕೊಳ್ಳಲಿಕ್ಕೆ ಆದರೆ ಬರ್ತೇನೆ, ಇಲ್ಲದಿದ್ದರೆ ಇಲ್ಲ" ಎಂದರು ಕೂಸಪ್ಪಣ್ಣ. "ಮುಂಡು ಸಡಿಲವಾದರೆ ಬೀಗರ ಎದುರು ನೀನು ಬಂದು ಕಟ್ಟಿಕೊಡುವುದಾ?"

"ಅಜ್ಜ ಬಾರದಿದ್ದರೆ ನಾನು ಉಂಗುರಕ್ಕೆ ಬೆರಳನ್ನೇ ಮುಂದೆ ಚಾಚುವುದಿಲ್ಲ" ಎಂದು ಪ್ರಾಪ್ತಿ ಫೋನಿನಲ್ಲಿ ಅತ್ತಳು.

ಕಾಂತಿಯಕ್ಕ ಪೇಟೆಯ ಟೈಲರ್ ಯಾಕೂಬಾಕನ ಬಳಿ ಹೋಗಿ ವಿಷಯ ಹೇಳಿದರು. ಯಾಕೂಬಾಕನ ಹೆತ್ತ ಉಮ್ಮನಿಗೂ ಹಿಂದೆ ಹೀಗೇ ಆಗಿತ್ತು. ಯಾಕೂಬಾಕ ಹಳೆಯ ಸ್ಕ್ರೂಡ್ರೈವರಿನ ಹಿಡಿಗೆ ಸೈಕಲ್ ಕಡ್ಡಿ ಸಿಕ್ಕಿಸಿ ತುದಿಯನ್ನು ಕೊಕ್ಕೆ ಮಾಡಿದರು. ಕೊಕ್ಕೆಯನ್ನು ಗುಂಡಿಯ ತೂತಿನೊಳಗೆ ತೂರಿಸಿ, ಗುಂಡಿಯನ್ನು ಹಿಡಿದು ಈಚೆ ಎಳೆದರಾಯಿತು. ಒಂದೇ ಕೈ ಸಾಕು. ಮುಂಡಿಗೆ ಹಾಳಾದ ಶಾಲೆ ಚೀಲದ, ಒಂದಕ್ಕೊಂದು ಅಂಟುವ ವೆಲ್ಕ್ರೋ ಪಟ್ಟಿ ಬಿಚ್ಚಿ ಹೊಲಿದರು.

"ಸೋತ ಕೈಗೆ ಮೊದಲು ತೋಳು ಹಾಕಲಿಕ್ಕೆ ಹೇಳಿ ಅಕ್ಕ, ಆಮೇಲೆ ಗಟ್ಟಿ ಕೈಗೆ" ಎಂದೂ ಹೇಳಿ ಕಳಿಸಿದರು.

ಮೊದಲ ದಿನ ಐದು ಗುಂಡಿ ಹಾಕುವಷ್ಟರಲ್ಲಿ ಬಸ್ಸು ಬೆಳ್ತಂಗಡಿಗೆ ಹೋಗಿ ಬರಬಹುದಿತ್ತು. ವಾರದಲ್ಲಿ ಒಂದು ಕುಡ್ತೆ ಚಹಾ ಆರುವುದರೊಳಗೆ ಮುಗಿಯತೊಡಗಿತು. ಮುಂಡು ಮಾತ್ರ ನಿಶ್ಚಿತಾರ್ಥದ ಹಿಂದಿನ ದಿನ ಕೈಗೆ ಬಂತು. ಬಲಕ್ಕೆ ಸುತ್ತಿ ಎಷ್ಟು ಎಳೆದರೂ ಪಟ್ಟಿಗೆ ಪಟ್ಟಿ ಸಿಗಲಿಲ್ಲ. ಆಗ ತಿಳಿಯಿತು: ಯಾಕೂಬಾಕ ತಮ್ಮ ಐವತ್ತು ವರ್ಷದ ಅಭ್ಯಾಸದಂತೆ ಸೆರಗು ಎಡಕ್ಕೆ ಬರುವ ಹಾಗೆ ಹೊಲಿದಿದ್ದರು. ಈ ಊರಿನಲ್ಲಿ ಬ್ಯಾರಿ ಮುಸ್ಲಿಮರ ಮುಂಡು ಎಡಕ್ಕೆ, ನಮ್ಮವರದ್ದು ಬಲಕ್ಕೆ.

ಕೂಸಪ್ಪಣ್ಣ ಫೋನು ಮಾಡಿದರು. "ಯಾಕೂಬಾಕ, ನನ್ನನ್ನು ಯಾವ ಮಸೀದಿಯ ಜಮಾತಿಗೆ ಸೇರಿಸಿದ್ದು ಮಾರಾಯ್ರೆ?"

"ಅಲ್ಲಾ! ಕೈ ತನ್ನಷ್ಟಕ್ಕೆ ಹೊಲಿದುಬಿಟ್ಟಿತು ಕೂಸಪ್ಪಣ್ಣ. ಈಗಲೇ ಬರ್ತೇನೆ, ಬಿಚ್ಚಿ ಬಲಕ್ಕೆ ಹಾಕುವ."

ಫೋನಿಟ್ಟ ಕೂಸಪ್ಪಣ್ಣ ಸುಮ್ಮನೆ ಒಮ್ಮೆ ಎಡಕ್ಕೇ ಸುತ್ತಿ ನೋಡಿದರು. ಒಳ ತುದಿಯನ್ನು ಸೊಂಟದಿಂದ ಗೋಡೆಗೆ ಒತ್ತಿ ಹಿಡಿದು, ಎಡಗೈಯಿಂದ ಸೆರಗು ಎಳೆದು ಒತ್ತಿದರು. ಮುಂಡು ನಿಂತಿತು! ಬಲಕ್ಕಾಗಿದ್ದರೆ ಆ ಎಡಗೈ ಹೊಟ್ಟೆಯನ್ನು ದಾಟಬೇಕಿತ್ತು. ಅವರ ಹೊಟ್ಟೆ ದಾಟಲು ಘಾಟಿ ರಸ್ತೆಯೇ ಬೇಕು, ಎರಡು ಕಡೆ ಬಸ್ಸು ಬದಲಿಸಬೇಕು.

ಯಾಕೂಬಾಕ ಕತ್ತರಿ ಹಿಡಿದು ಓಡಿ ಬಂದಾಗ ಕೂಸಪ್ಪಣ್ಣ ಅಂಗಳದಲ್ಲಿ ತಿರುಗಾಡುತ್ತಿದ್ದರು.

"ಮುಟ್ಟಬೇಡಿ. ಹೀಗೇ ಇರಲಿ."

"ಬೀಗರು ಏನು ಹೇಳಿಯಾರು?" ಎಂದರು ಕಾಂತಿಯಕ್ಕ.

"ಬಸ್ಸಿನ ಬಾಗಿಲೂ ಎಡಕ್ಕೇ ಇರುವುದು. ಇಷ್ಟು ವರ್ಷ ಯಾರಾದರೂ ಜಾತಿ ಕೇಳಿ ಹತ್ತಿದ್ದಾರಾ?"

ಮರುದಿನ ಹಾಲಿನಲ್ಲಿ ಕೂಸಪ್ಪಣ್ಣ ಮುಂದಿನ ಸಾಲಿನಲ್ಲೇ ಕೂತರು. ಪ್ರಾಪ್ತಿ ಅಜ್ಜನನ್ನು ನೋಡಿ ನಕ್ಕು ಬೆರಳು ಚಾಚಿದಳು. ಹುಡುಗನ ದೊಡ್ಡಪ್ಪ ಸುಧಾಕರಣ್ಣ ಮಾತ್ರ ಉಂಗುರ ನೋಡಲೇ ಇಲ್ಲ. ಅವರ ಕಣ್ಣು ಕೂಸಪ್ಪಣ್ಣನ ಮುಂಡಿನ ಮೇಲೆ.

ಊಟಕ್ಕೆ ಏಳುವಾಗ ಹತ್ತಿರ ಬಂದರು.

"ಇದು ಎಡಕ್ಕೆ ಯಾಕೆ?" ಎಂದು ಸುಧಾಕರಣ್ಣ ಮೆಲ್ಲಗೆ ಕೇಳಿದರು.

"ಕೈ ಒಂದೇ ಉಂಟಲ್ಲ. ನಾನೇ ಉಟ್ಟದ್ದು."

"ನೀವೇ?" ಸುಧಾಕರಣ್ಣ ಸುತ್ತ ನೋಡಿ ದನಿ ಇನ್ನಷ್ಟು ತಗ್ಗಿಸಿದರು. "ನನ್ನ ಭುಜ ಹಿಡಿದುಕೊಂಡು ವರ್ಷವಾಯಿತು, ಕೈ ಮೇಲೇಳುವುದಿಲ್ಲ. ಸೊಸೆ ಗುಂಡಿ ಹಾಕ್ತಾಳೆ. ನಾಚಿಕೆಯಾಗ್ತದೆ."

ಇಬ್ಬರೂ ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಪಾಯಸ ಬಡಿಸಿ ಮುಗಿದರೂ ಹೊರಗೆ ಬರಲಿಲ್ಲ. ಕಾಂತಿಯಕ್ಕ ಬಾಗಿಲಿಗೆ ಕಿವಿಯಿಟ್ಟರು. ಒಳಗೆ ಚರ್ರ್ ಎಂದು ವೆಲ್ಕ್ರೋ ಬಿಚ್ಚಿದ ಸದ್ದು, ಹಿಂದೆಯೇ ಸುಧಾಕರಣ್ಣನ ದನಿ:

"ಇನ್ನೊಮ್ಮೆ ತೋರಿಸಿ ಮಾರಾಯ್ರೆ. ಈ ಸಲ ಸ್ವಲ್ಪ ನಿಧಾನ."