ಪಕ್ಕಕ್ಕಿಟ್ಟ ಚಿತ್ರ

ಮೈದಾ ಹಿಟ್ಟಿನ ಅಂಟು ಕುದಿಯುವ ವಾಸನೆ ಮೂಗಿಗೆ ಬಡಿದರೆ ಸಾಕು, ಚಿತ್ರದಕ್ಕನಿಗೆ ಈಗಲೂ ಏಳು ವರ್ಷ. ಅಮ್ಮ ಅಡುಗೆಮನೆಯ ನೆಲದ ಮೇಲೆ ಕುಳಿತು ಚಪ್ಪಲಿ ಅಂಗಡಿಗೆ ರಟ್ಟಿನ ಪೆಟ್ಟಿಗೆ ಅಂಟಿಸುತ್ತಿದ್ದರು. ಮಗಳು ಅಂಚನ್ನು ಒತ್ತಿ ಹಿಡಿದು ನೂರರವರೆಗೆ ಎಣಿಸಬೇಕು. ಐವತ್ತಮೂರರ ಚಿತ್ರದಕ್ಕ ಇಂದು ಬೆಳಗಿನ ಐದು ಗಂಟೆಗೆ ತಮ್ಮ ಅಡುಗೆಮನೆಯಲ್ಲಿ ಅದೇ ಅಂಟು ಸವರಿ, ರಟ್ಟಿನಿಂದ ಮೂಲೆ ಎದ್ದಿರುವ ಒಂದು ಫೋಟೊವನ್ನು ಒತ್ತಿ ಹಿಡಿದು ತುಟಿಯಲ್ಲೇ ಎಣಿಸುತ್ತಿದ್ದಾರೆ. ಫೋಟೊದಲ್ಲಿ ಒಂದು ಗರಗಸ. ಇನ್ನು ಮೂರೂವರೆ ಗಂಟೆಯಲ್ಲಿ ಆ ಗರಗಸದ ಯಜಮಾನ, ಒಬ್ಬ ಬಡಗಿ, ತಲೆ ತೆರೆದ ಸ್ಥಿತಿಯಲ್ಲಿ, ಎಚ್ಚರವಾಗಿದ್ದು, ಅದರ ಹೆಸರು ಹೇಳಬೇಕು.

ಮೆದುಳಿನ ಗಡ್ಡೆ ಮಾತಿನ ಜಾಗಕ್ಕೆ ಹತ್ತಿರವಿದ್ದರೆ ಕೆಲವು ರೋಗಿಗಳಿಗೆ ಎಚ್ಚರವಿರುವಾಗಲೇ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಮೆದುಳಿಗೆ ತನ್ನದೇ ನೋವು ತಿಳಿಯುವುದಿಲ್ಲ. ಡಾಕ್ಟರು ಗಡ್ಡೆಯ ಆಸುಪಾಸಿನಲ್ಲಿ ಒಂದೊಂದು ಚುಕ್ಕೆಯಷ್ಟು ಜಾಗಕ್ಕೆ ಸಣ್ಣಗೆ ವಿದ್ಯುತ್ ಮುಟ್ಟಿಸುತ್ತ ಹೋಗುತ್ತಾರೆ. ಹಸಿರು ಹೊದಿಕೆಯ ಈಚೆ, ರೋಗಿಯ ಮುಖದಿಂದ ಎರಡು ಗೇಣು ದೂರದಲ್ಲಿ, ಗಿಡ್ಡ ಸ್ಟೂಲಿನ ಮೇಲೆ ಕುಳಿತ ಚಿತ್ರದಕ್ಕ ಒಂದೊಂದೇ ಚಿತ್ರ ಹಿಡಿಯುತ್ತಾರೆ. ಚಿತ್ರಕ್ಕೆ ನಾಲ್ಕು ಸೆಕೆಂಡು. ರೋಗಿ ‘ಇದು ಬಾಗಿಲು’, ‘ಇದು ಕತ್ತರಿ’ ಎನ್ನಬೇಕು. ಮಾತು ತಡೆದರೆ ಚಿತ್ರದಕ್ಕ ‘ನಿಂತಿತು’ ಎನ್ನುತ್ತಾರೆ. ಆ ಜಾಗಕ್ಕೆ ಮತ್ತೆ ಕತ್ತರಿ ಹೋಗುವುದಿಲ್ಲ.

ಹತ್ತೊಂಬತ್ತು ವರ್ಷ, ನಾನೂರ ಹನ್ನೆರಡು ಜನ. ಆಸ್ಪತ್ರೆಯ ಪಟ್ಟಿಯಲ್ಲಿ ಇವರ ಹುದ್ದೆ ಬರೀ ‘ಸಹಾಯಕಿ’. ಚಿತ್ರದಕ್ಕ ಎಂಬುದು ರೋಗಿಗಳು ಇಟ್ಟ ಹೆಸರು. ಶಸ್ತ್ರಚಿಕಿತ್ಸೆಯ ದಿನ ಇವರು ಕಾಫಿಯನ್ನೂ ಕುಡಿಯುವುದಿಲ್ಲ. “ಪಾಪ, ಅವರು ಹಸಿದ ಹೊಟ್ಟೇಲಿ ಮಲಗಿರ್ತಾರೆ. ನಾನು ಚೆನ್ನಾಗಿ ತಿಂದು ತೇಗಿ, ಅವರ ಮುಖದ ಹತ್ರ ಹೋಗಿ ಕೂತ್ಕೊಳ್ಳೋದಾ?” ಎಂದು ನಗುತ್ತಾರೆ.

ಈ ಕೆಲಸಕ್ಕೆ ಬರಲು ಕಾರಣ ಅಪ್ಪ. ಚಿತ್ರದಕ್ಕ ಹೈಸ್ಕೂಲಿನಲ್ಲಿದ್ದಾಗ ಅವರಿಗೆ ಪಾರ್ಶ್ವವಾಯು ಹೊಡೆದು ಮಾತು ಹೋಯಿತು. “ಬಾಯಲ್ಲಿ ಉಳಿದಿದ್ದು ಒಂದೇ ಪದ, ‘ಆಮೇಲೆ’. ನೀರು ಬೇಕಾದ್ರೂ ‘ಆಮೇಲೆ’, ಸಿಟ್ಟು ಬಂದ್ರೂ ‘ಆಮೇಲೆ’. ಆರು ವರ್ಷ ಆ ಒಂದು ಪದದಲ್ಲೇ ಸಂಸಾರ ಮಾಡಿದ್ರು. ಅಮ್ಮ ತಮಾಷೆ ಮಾಡೋರು, ಮದುವೆಯಾದಾಗಿಂದ ಏನು ಕೆಲಸ ಹೇಳಿದ್ರೂ ಇವರು ಅದನ್ನೇ ಅಂತಿದ್ದಿದ್ದು, ಹೊಸದೇನಿದೆ ಅಂತ. ಹಾಗಂದು ಬಚ್ಚಲುಮನೆಗೆ ಹೋಗಿ ಅಳೋರು.” ಓದು ಮುಗಿದ ಮೇಲೆ ಮಾತಿನ ಚಿಕಿತ್ಸೆಯ ತರಬೇತಿ ಪಡೆದು ಮಗಳು ಆಸ್ಪತ್ರೆ ಸೇರಿದರು.

ಮೊದಲೆಲ್ಲ ಆಸ್ಪತ್ರೆಯಲ್ಲಿ ಅಚ್ಚು ಹಾಕಿಸಿದ ಎಂಬತ್ತು ಚಿತ್ರಗಳ ಒಂದೇ ಕಟ್ಟು ಎಲ್ಲರಿಗೂ. ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ಅಷ್ಟನ್ನೂ ಮೂರು ಸಲ ತೋರಿಸಬೇಕು. ಥಟ್ಟನೆ ಹೆಸರು ಬಾರದ ಚಿತ್ರವನ್ನು ಪಕ್ಕಕ್ಕಿಡಬೇಕು. ಇಲ್ಲದಿದ್ದರೆ ಮರುದಿನ ರೋಗಿ ಸುಮ್ಮನಾದದ್ದು ವಿದ್ಯುತ್ತಿನಿಂದಲೋ, ಹೆಸರೇ ಗೊತ್ತಿಲ್ಲದೆಯೋ ಎಂದು ಯಾರಿಗೆ ತಿಳಿಯಬೇಕು?

ನಾಲ್ಕು ವರ್ಷದ ಹಿಂದೆ ಇದೇ ಬಡಗಿ ಮೊದಲ ಸಲ ಬಂದಾಗ ಹಡಗಿನ ಲಂಗರಿನ ಚಿತ್ರಕ್ಕೆ ತಡವರಿಸಿದ್ದರು. ಹಡಗನ್ನೇ ಕಾಣದವರು. ಚಿತ್ರದಕ್ಕ ಅದನ್ನು ಪಕ್ಕಕ್ಕಿಟ್ಟರು. ಬೆಳಿಗ್ಗೆ ರಟ್ಟುಗಳನ್ನೆಲ್ಲ ಸ್ಪಿರಿಟ್‌ನಲ್ಲಿ ಒರೆಸಿ ಜೋಡಿಸುವಾಗ ಪಕ್ಕಕ್ಕಿಟ್ಟದ್ದೂ ಕಟ್ಟಿನೊಳಕ್ಕೆ ಸೇರಿಹೋಯಿತು. ಆಪರೇಷನ್ ಥಿಯೇಟರಿನಲ್ಲಿ ಲಂಗರು ಬಂತು, ಬಡಗಿ ಸುಮ್ಮನಾದರು, ಇವರ ಬಾಯಿಂದ ‘ನಿಂತಿತು’ ಹೊರಟಿತು. ಮುಂದಿನ ಚಿತ್ರಕ್ಕೂ ರೋಗಿ ತೊದಲಿದರು, ಬಳಲಿದ್ದರು. ಡಾಕ್ಟರು ಗಡ್ಡೆಯ ಒಂದು ಭಾಗವನ್ನು ಹಾಗೆಯೇ ಬಿಟ್ಟು ಹೊಲಿಗೆ ಹಾಕಿದರು.

ಕಟ್ಟನ್ನು ಒಳಗಿಡುವಾಗ ಲಂಗರು ಕೈಗೆ ಸಿಕ್ಕಿತು. ಮುಚ್ಚಿಟ್ಟಿದ್ದರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಚಿತ್ರದಕ್ಕ ನೆಟ್ಟಗೆ ಹೋಗಿ ಡಾಕ್ಟರಿಗೆ ಹೇಳಿದರು. “ನಿಮ್ಮ ಚಿತ್ರ ಇಲ್ಲದಿದ್ರೂ ನಾನು ಅಲ್ಲೇ ನಿಲ್ಲಿಸ್ತಿದ್ದೆನೋ ಏನೋ, ಗೊತ್ತಿಲ್ಲಮ್ಮ,” ಎಂದರು ಅವರು. ಆ ‘ಗೊತ್ತಿಲ್ಲ’ವನ್ನು ಕಟ್ಟಿಕೊಂಡೇ ಇವರು ಬಡಗಿಯ ಹೆಂಡತಿಯ ಬಳಿ ಹೋಗಿ ತಪ್ಪೊಪ್ಪಿಕೊಂಡರು. ಆಕೆ ಎದ್ದು ಕಿಟಕಿಯತ್ತ ತಿರುಗಿ ನಿಂತರು. ಅಂದಿನಿಂದ ಇವರೊಡನೆ ಒಂದು ಮಾತಿಲ್ಲ.

ಆಮೇಲಿನ ರೋಗಿಗಳಿಗೆಲ್ಲ ಅವರವರದೇ ಕಟ್ಟು. ಚಿತ್ರದಕ್ಕ ಅವರ ಮನೆಗೆ, ಕೆಲಸದ ಜಾಗಕ್ಕೆ ಹೋಗಿ ಫೋಟೊ ತೆಗೆದು ತರುತ್ತಾರೆ. ಪಕ್ಕಕ್ಕಿಟ್ಟದ್ದಕ್ಕೆ ಈಗ ಬೇರೆ ಡಬ್ಬಿ, ಅದಕ್ಕೆ ಬೀಗ.

ಈ ವರ್ಷ ಬಡಗಿಯ ಗಡ್ಡೆಯ ಉಳಿದ ಭಾಗ ಮತ್ತೆ ಬೆಳೆಯತೊಡಗಿದೆ. ಕಳೆದ ವಾರ ಚಿತ್ರದಕ್ಕ ಅವರ ಕೆಲಸದ ಕೊಠಡಿಗೆ ಹೋದರು. ಹೆಂಡತಿ ಮೂಲೆಯಲ್ಲಿ ಕುರ್ಚಿಯ ಕಾಲಿಗೆ ಉಪ್ಪುಕಾಗದ ಉಜ್ಜುತ್ತಿದ್ದವರು ತಲೆ ಎತ್ತಲಿಲ್ಲ.

“ಅಕ್ಕಾ, ಆ ಸ್ಟೂಲಿನ ಫೋಟೊ ಬೇಡ,” ಎಂದರು ಬಡಗಿ. “ಅದು ನನ್ನ ಭಾವಮೈದ ಮಾಡಿದ್ದು. ಮೂರು ಕಾಲು ಒಂದೂರಿಗೆ, ನಾಲ್ಕನೇದು ಇನ್ನೊಂದೂರಿಗೆ.”

“ನನ್ನ ತಮ್ಮನ್ನ ಆಡ್ಕೊಳ್ಳದೆ ನಿಮಗೆ ತಿಂದಿದ್ದು ಅರಗಲ್ಲ,” ಎಂದಿತು ಮೂಲೆಯ ದನಿ, ಗಂಡನಿಗೆ ಮಾತ್ರ.

ಹೊಸ ಸ್ಕ್ಯಾನ್ ನೋಡಿದ ಡಾಕ್ಟರಿಗೆ ಒಂದು ಅಂದಾಜಿದೆ. ನಿಧಾನವಾಗಿ ಬೆಳೆಯುವ ಗಡ್ಡೆ ಮೆದುಳಿಗೆ ಸಮಯ ಕೊಡುತ್ತದೆ. ಆ ಸಮಯದಲ್ಲಿ ಮಾತಿನ ಕೆಲಸ ಮೆಲ್ಲಗೆ ನೆರೆಯ ಭಾಗಗಳಿಗೆ ಸರಿದಿರಬಹುದು. ಸರಿದಿದ್ದರೆ ಅಂದು ಬಿಟ್ಟದ್ದನ್ನು ಈಗ ತೆಗೆಯಬಹುದು. ಸರಿಯದಿದ್ದರೆ ಮತ್ತೆ ಬಿಡಬೇಕು, ಗಡ್ಡೆ ಬೆಳೆಯುತ್ತಲೇ ಹೋಗುತ್ತದೆ. ಬಡಗಿ ಇದನ್ನು ಒಂದು ಹಲಗೆ ಎತ್ತಿ ತೋರಿಸಿ ಹೇಳಿದರು: “ನೋಡಿ, ಇಲ್ಲೊಂದು ಗಂಟು. ಮರದ ಎಳೆ ಇಲ್ಲಿಗೆ ಬಂದು ನಿಂತುಬಿಟ್ಟಿಲ್ಲ, ಬಳಸ್ಕೊಂಡು ಹೋಗಿದೆ. ಪುರುಸೊತ್ತು ಕೊಟ್ರೆ ದಾರಿ ಮಾಡ್ಕೊಳ್ಳುತ್ತೆ.”

“ಎಲ್ಲರಿಗೂ ಹೀಗಾಗಲ್ಲ,” ಎನ್ನುತ್ತಾರೆ ಚಿತ್ರದಕ್ಕ. “ಬೇಗ ಬೆಳೆಯೋ ಗಡ್ಡೆ ಪುರುಸೊತ್ತೇ ಕೊಡಲ್ಲ. ಅಂಥವರನ್ನೂ ನೋಡಿದೀನಿ.”

ಹೊರಡುವಾಗ ಬಡಗಿ ಕೇಳಿದರು: “ಆ ಲಂಗರು ಇದೆಯಾ ಇನ್ನೂ? ನನ್ನ ಕಟ್ಟಿಗೆ ಹಾಕಿ. ಈಗ ಕಲಿತಿದೀನಿ.” ನಿನ್ನೆ ಸಂಜೆ ಚಿತ್ರದಕ್ಕ ಡಬ್ಬಿಯ ಬೀಗ ತೆಗೆದು ಅದನ್ನು ತೋರಿಸಿದರು. ಮೂರು ಸಲವೂ ಬಡಗಿ ಥಟ್ಟನೆ ಹೇಳಿದರು. ನಿಯಮ ನಿಯಮವೇ: ಲಂಗರು ಕಟ್ಟಿಗೆ ಸೇರಿತು.

ಎಂಟೂವರೆಗೆ ಥಿಯೇಟರಿನಲ್ಲಿ ಚಿತ್ರದಕ್ಕ ಅಂಗೈಗಳನ್ನು ಉಜ್ಜಿ ಬೆಚ್ಚಗಾಗಿಸಿಕೊಂಡು ಬಡಗಿಯ ಕೈ ಹಿಡಿಯುತ್ತಾರೆ. ಥಿಯೇಟರಿನ ಆಯಾ, ಯಾರೂ ಹೇಳದೆಯೇ, ರೋಗಿಯ ಕಣ್ಣಿಗೆ ಬಡಿಯುತ್ತಿದ್ದ ದೀಪವನ್ನು ಅತ್ತ ಸರಿಸುತ್ತಾರೆ.

“ಇದು ಗರಗಸ. ಇದು ಉಳಿ. ಇದು ಮೊಳೆ. ಇದು... ಹಾಳಾದ್ದು, ಆ ಸ್ಟೂಲು.” ಹೊದಿಕೆಯ ಆಚೆ ಡಾಕ್ಟರು ಮೆಲ್ಲಗೆ ನಕ್ಕದ್ದು ಕೇಳುತ್ತದೆ.

“ಈಗ ಹಳೇ ಜಾಗ,” ಎನ್ನುತ್ತಾರೆ ಡಾಕ್ಟರು.

ಕಟ್ಟಿನಲ್ಲಿ ಮುಂದಿರುವುದು ಸುತ್ತಿಗೆ, ಆಮೇಲೆ ಬಾಗಿಲು, ಆಮೇಲೆ ಲಂಗರು. ಸುತ್ತಿಗೆ ಸಲೀಸಾಗಿ ಬರುತ್ತದೆ. ಬಾಗಿಲೂ. ಚಿತ್ರದಕ್ಕ ಮೂರನೆಯದನ್ನು ಎತ್ತುತ್ತಾರೆ. ಒಂದು ಸೆಕೆಂಡು. ಎರಡು.

“ಇದು ಲಂಗರು,” ಎನ್ನುತ್ತಾರೆ ಬಡಗಿ. “ಕೈ ನಡುಗಿಸ್ಬೇಡಿ ಅಕ್ಕಾ, ಹಡಗು ಅಲ್ಲಾಡುತ್ತೆ.”

ಡಾಕ್ಟರು ಅದೇ ಜಾಗವನ್ನು ಇನ್ನೂ ಎರಡು ಬಾರಿ ಬಿಟ್ಟು ಬಿಟ್ಟು ಮುಟ್ಟಿ ನೋಡುತ್ತಾರೆ. ಮಾತು ನಿಲ್ಲುವುದಿಲ್ಲ. ಅದು ನಿಜವಾಗಿ ನಿಲ್ಲುವುದು ಅಲ್ಲಿಂದ ತುಸು ಹಿಂದಿನ ಜಾಗವನ್ನು ಮುಟ್ಟಿದಾಗ, ಮನೆಬೀಗದ ಕೈಯ ಚಿತ್ರಕ್ಕೆ. “ನಿಂತಿತು,” ಎನ್ನುತ್ತಾರೆ ಚಿತ್ರದಕ್ಕ. ಈ ಸಲ ದನಿಯಲ್ಲಿ ಅನುಮಾನವಿಲ್ಲ.

ಮಧ್ಯಾಹ್ನ ಎರಡಕ್ಕೆ ಚಿತ್ರದಕ್ಕ ಹೊರಗೆ ಬಂದಾಗ ಬಡಗಿಯ ಹೆಂಡತಿ ಬೆಂಚಿನ ತುದಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾರೆ. ಇವರು ಎದುರು ನಿಂತೇ ಹೇಳುತ್ತಾರೆ: “ಮಾತಾಡ್ತಿದ್ದಾರೆ. ನಿಮ್ಮ ತಮ್ಮನ ಸ್ಟೂಲನ್ನ ಅಲ್ಲೂ ಬೈದ್ರು. ಹಳೇ ಜಾಗದ್ದೆಲ್ಲ ತೆಗೆದಾಯ್ತು. ಅದರ ಹಿಂಭಾಗದಲ್ಲಿ ಉಗುರಿನಷ್ಟು ಬಿಟ್ಟಿದ್ದಾರೆ.”

“ಯಾಕೆ ಬಿಟ್ರು?” ನಾಲ್ಕು ವರ್ಷದಲ್ಲಿ ಆಕೆ ಇವರಿಗೆ ಆಡಿದ ಮೊದಲ ಮಾತು.

“ಅವರ ಮಾತು ಈಗ ಅಲ್ಲಿ ಹೋಗಿ ಕೂತಿದೆ. ನಾನೇ ನಿಲ್ಲಿಸಿದೆ.”

ಆಕೆ ಬೆಂಚಿನಲ್ಲಿ ತುಸು ಸರಿದು ಜಾಗ ಮಾಡುತ್ತಾರೆ. ಚೀಲದಿಂದ ಊಟದ ಡಬ್ಬಿ ತೆಗೆದು, ಬಿಗಿಯಾಗಿದ್ದ ಮುಚ್ಚಳವನ್ನು ತಾವೇ ತಿರುಗಿಸಿ ಸಡಿಲಿಸಿ, ಚಮಚವನ್ನು ಕರವಸ್ತ್ರದಲ್ಲಿ ಒರೆಸಿ, ಎರಡನ್ನೂ ಚಿತ್ರದಕ್ಕನ ಕೈಯಲ್ಲಿಡುತ್ತಾರೆ.