ಓಲಗದ ಕದಿರೇಶ ಮತ್ತು ಕಾರಿನ ಸ್ಪ್ರಿಂಗು

ಮುಳಬಾಗಿಲಿನ ಕಡೆ ಮದುವೆ ಗೊತ್ತಾದರೆ ಕೆಲವರು ಛತ್ರ ಹುಡುಕುವ ಮೊದಲೇ ಕದಿರೇಶನಿಗೆ ಫೋನು ಮಾಡುತ್ತಿದ್ದರು. ಅವನು ನಾಗಸ್ವರ ಊದತೊಡಗಿದರೆ ಊಟಕ್ಕೆ ಕೂತವರೂ ಮಾತು ನಿಲ್ಲಿಸುತ್ತಿದ್ದರು. ಅಪ್ಪನಿಂದ ಬಂದ ವಿದ್ಯೆ. ಅಪ್ಪ ಬಸ್ಸಿನಲ್ಲಿ ತಿರುಗಿದವನು. ಮಗ ಹಳೆಯ ಕಾರೊಂದನ್ನು ಕೊಂಡು, ಹೆಂಡತಿ ಸರಳಾಳ ತಮ್ಮ, ಡೋಲಿನ ಉಮೇಶನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಲೂರಿನವರೆಗೂ ತಾನೇ ಓಡಿಸಿಕೊಂಡು ಹೋಗುತ್ತಿದ್ದ. ಸಣ್ಣಪುಟ್ಟ ರಿಪೇರಿಯನ್ನು ಮನೆ ಮುಂದೆಯೇ ಮುಗಿಸುತ್ತಿದ್ದ. ಪ್ಲಗ್ಗು, ಬ್ರೇಕ್ ಪ್ಯಾಡು ಬದಲಾಯಿಸಿ ಕೈಗೆ ಧೈರ್ಯ ಬಂದಿತ್ತು.

ಆ ವೈಶಾಖದಲ್ಲಿ ಕಾರು ಹಳ್ಳಕ್ಕೆ ಇಳಿದಾಗಲೆಲ್ಲ ಮುಂದಿನ ಎಡಚಕ್ರದಿಂದ ಧಡಧಡ ಸದ್ದು ಬರತೊಡಗಿತು. ಮೆಕ್ಯಾನಿಕ್ ಹಿದಾಯತುಲ್ಲಾ ನೋಡಿ, ಶಾಕ್ ಅಬ್ಸಾರ್ಬರ್ ಎಣ್ಣೆ ಬಿಟ್ಟಿದೆ, ಎರಡೂ ಕಡೆಯದನ್ನು ಬದಲಾಯಿಸಬೇಕು, ನಾಡಿದ್ದು ಮಾಡಿಕೊಡುತ್ತೇನೆ ಎಂದರು. ಆದರೆ ಮಾರನೆಯ ದಿನವೇ ಶ್ರೀನಿವಾಸಪುರದಲ್ಲಿ ಮುಹೂರ್ತವಿತ್ತು. ಕದಿರೇಶ ಕೋಲಾರಕ್ಕೆ ಹೋಗಿ ಎಡಗಡೆಯದೊಂದನ್ನು ಮಾತ್ರ ತಂದ.

ಮಧ್ಯಾಹ್ನ ಜಾಕ್ ಕೊಟ್ಟು, ಚಕ್ರ ಬಿಚ್ಚಿ, ಹಳೆಯದನ್ನು ಹೊರಗೆ ತೆಗೆಯುವವರೆಗೆ ಎಲ್ಲ ಸಲೀಸಾಗಿತ್ತು. ಅದರ ಸುತ್ತ ದಪ್ಪ ಸ್ಪ್ರಿಂಗು ಬಿಗಿದು ಕೂತಿತ್ತು. ಅದನ್ನು ಕಳಚಿ ಹೊಸದಕ್ಕೆ ಹಾಕಬೇಕು. ಸ್ಪ್ರಿಂಗನ್ನು ಅದುಮಿ ಹಿಡಿಯಲು ಗ್ಯಾರೇಜಿನಲ್ಲಿ ಬೇರೆಯೇ ಕ್ಲ್ಯಾಂಪು ಇರುತ್ತದೆಂದು ಅವನಿಗೆ ಗೊತ್ತಿತ್ತು. ಆದರೆ ಹಿದಾಯತುಲ್ಲಾ ಅವರನ್ನು ಬಿಟ್ಟು ಬಂದ ಮೇಲೆ ಅವರದೇ ಕ್ಲ್ಯಾಂಪು ಕೇಳಲು ಮುಜುಗರ. ಸಾಮಾನು ಕಟ್ಟುವ ನೈಲಾನ್ ಹಗ್ಗವನ್ನೇ ಸುರುಳಿಗಳಿಗೆ ಸುತ್ತಿ ಬಿಗಿದ.

"ಭಾವ, ಇದು ತಡ್ಕೊಳ್ತದಾ?" ಎಂದ ಉಮೇಶ.

"ಒಂದ್ ನಿಮಿಷದ ಕೆಲ್ಸ ಕಣೋ. ನೀನು ಕೆಳಗಡೆ ಗಟ್ಟಿಯಾಗಿ ಹಿಡ್ಕೋ, ಸಾಕು."

ಕದಿರೇಶ ಬಗ್ಗಿ ಮೇಲಿನ ನಟ್ಟು ತಿರುಗಿಸಿದ. ನಟ್ಟು ಬಿಟ್ಟುಕೊಂಡದ್ದೂ ಹಗ್ಗ ಹರಿದದ್ದೂ ಒಟ್ಟಿಗೇ ಆಯಿತು. ಸ್ಪ್ರಿಂಗಿನ ಮೇಲಿದ್ದ ಕಬ್ಬಿಣದ ಬಿಲ್ಲೆ ಹಾರಿ ಅವನ ಬಾಯಿಗೆ ಬಡಿಯಿತು. ಸರಳಾ ಓಡಿ ಬಂದಾಗ ಅವನು ಗೋಡೆಗೆ ಒರಗಿ, ಅಂಗೈಯಲ್ಲಿದ್ದ ತನ್ನ ಮುಂದಿನ ಹಲ್ಲುಗಳನ್ನು ನೋಡುತ್ತ ಕೂತಿದ್ದ.

ಕೋಲಾರದ ಆಸ್ಪತ್ರೆಯಲ್ಲಿ ತುಟಿಗೆ ಹೊಲಿಗೆ ಹಾಕಿದರು, ದವಡೆಗೆ ತಂತಿ ಕಟ್ಟಿದರು. ಸ್ವಲ್ಪ ಮೇಲಕ್ಕೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು ಎಂದರು ಡಾಕ್ಟರು. ಗಾಯ ಮಾಯ್ದ ಮೇಲೆ ಕಟ್ಟಿಸಿದ ಹಲ್ಲುಗಳೂ ಬಂದವು. ಒಂದು ಬೆಳಿಗ್ಗೆ ಕದಿರೇಶ ಒಳಕೋಣೆಯಲ್ಲಿ ಕೂತು ನಾಗಸ್ವರದ ಪೀಪಿಯನ್ನು ಬಾಯಿಗಿಟ್ಟ. ಬರೀ ಗಾಳಿ ಸೋರಿತು. ಆಮೇಲೂ ದಿನಾ ಕೂತ. ಬಂದ ಸ್ವರವೂ ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಇನ್ನೂ ಸ್ವಲ್ಪ ದಿನ ನೋಡಿ ಎಂದಳು ಸರಳಾ.

"ಪೀಪಿ ಎಲ್ಲಿದೆ ಅಂತ ತುಟಿಗೇ ಗೊತ್ತಾಗ್ತಿಲ್ಲ ಸರಳಾ," ಎಂದು ಅವನು ನಾಗಸ್ವರವನ್ನು ಬಟ್ಟೆಯಲ್ಲಿ ಸುತ್ತಿಟ್ಟ.

ಉಮೇಶ ಮನೆಗೆ ಬರುವುದನ್ನೇ ಬಿಟ್ಟಿದ್ದ. ಡೋಲನ್ನು ಮೂಲೆಗಿಟ್ಟು ಟೊಮೆಟೊ ಮಂಡಿಯಲ್ಲಿ ಕ್ರೇಟು ಹೊರುತ್ತಿದ್ದಾನೆಂದು ತಿಳಿದು ಕದಿರೇಶ ಅಲ್ಲಿಗೇ ಹೋದ. ಉಮೇಶ ತಲೆ ಎತ್ತಲಿಲ್ಲ. ತನ್ನ ಹಿಡಿತ ಸಡಿಲವಾಗಿದ್ದರಿಂದಲೇ ಹೀಗಾಯಿತು ಎಂದು ಗೊಣಗಿದ.

"ನಿನ್ ಕೈ ಅಲ್ಲ ಕಣೋ. ಹಿದಾಯತ್ ಭಾಯ್ ನಾಡಿದ್ದು ಅಂದ್ರು, ನಾನು ಕಾಯ್ಲಿಲ್ಲ. ಡೋಲು ತಗೊಂಡು ಬಾ," ಎಂದ ಕದಿರೇಶ.

ಕಾರನ್ನು ಹಿದಾಯತುಲ್ಲಾ ಎರಡೂ ಕಡೆ ಸರಿಮಾಡಿಕೊಟ್ಟರು. ರಾಜ್ಯದ ಗಡಿಯಾಚೆಯಿಂದ ಮುರಳಿಮೋಹನ್ ಎಂಬವನು ನಾಗಸ್ವರಕ್ಕೆ ಬಂದ. ಕದಿರೇಶ ತಾಳ ಹಿಡಿದು ಪಕ್ಕದಲ್ಲಿ ಕೂತ. ಮೊದಮೊದಲು ಬೇರೆಯವನ ಉಸಿರು ಎಲ್ಲಿ ಮುಗಿಯುತ್ತದೆಂದು ಕಾಯುವುದೇ ಅವನಿಗೆ ಕಷ್ಟವಾಗುತ್ತಿತ್ತು.

ಗೌನಿಪಲ್ಲಿಯ ಮದುವೆಯೊಂದರಲ್ಲಿ ಹೆಣ್ಣಿನ ಅಜ್ಜಿ ದೊಡ್ಡವೆಂಕಟಮ್ಮ ಅವನನ್ನು ಗುರುತು ಹಿಡಿದಳು. ಅವಳ ಹೆಣ್ಣುಮಕ್ಕಳ ಮದುವೆಗೆಲ್ಲ ಊದಿದವನು ಅವನೇ.

"ಏಮಪ್ಪಾ, ನೀನು ಊದಲ್ವಾ?"

ಕದಿರೇಶ ತಾಳ ಕೆಳಗಿಟ್ಟು, ಹಗ್ಗ ಕಟ್ಟಿದ್ದನ್ನೂ ಬಿಡದೆ ನಡೆದದ್ದನ್ನೆಲ್ಲ ಹೇಳಿದ. ಮುದುಕಿ ಪೂರ್ತಿ ಕೇಳಿ, ಅವನ ಗದ್ದ ಹಿಡಿದು, ತುಟಿಯ ಮೇಲಿನ ಗಾಯದ ಗೆರೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು. ಅಷ್ಟರಲ್ಲಿ ಪುರೋಹಿತರು ಗಟ್ಟಿಮೇಳ ಎಂದರು. ಅವನು ತಾಳ ಎತ್ತಿಕೊಂಡ.