ಹೊಂಗೆ ಮರದ ಜಿಂಕೆ

ಇವತ್ತು ಬೆಳಗ್ಗೆ ರೊಟ್ಟಿ ಜೊತೆ ಉಪ್ಪಿನಲ್ಲಿ ಹಾಕಿದ ನೆಲ್ಲಿಕಾಯಿ ನಂಚಿಕೊಂಡೆ. ಇರುವ ನಾಲ್ಕು ಹಲ್ಲಿಗೆ ಅದೇ ದೊಡ್ಡ ಕೆಲಸ. ಸುತ್ತಲಿನ ತಿರುಳೆಲ್ಲ ಚೀಪಿ ಬೀಜ ಉಗುಳಿದೆ. ಸ್ಟೀಲ್ ತಟ್ಟೆ, ಟಣ್ ಅಂತು. ತಿನ್ನೋದು ಬಿಟ್ಟು ಜಗುಲಿ ಕಡೆ ಕಿವಿ ಕೊಟ್ಟೆ.

ಜಗುಲಿಯಲ್ಲಿ ನಮ್ಮ ಬಾವ ಕೂತಿದ್ದರು. ಬಾವ ಅಂದರೆ ನನ್ನ ಗಂಡನ ಅಣ್ಣ, ಊರವರ ಬಾಯಲ್ಲಿ ಕೋವಿ ಗೌಡರು. ತೊಂಬತ್ತಕ್ಕೆ ಒಂದೋ ಎರಡೋ ಕಮ್ಮಿ. ಬಸ್ಸು ಬೆನ್ನ ಹಿಂದೆ ಬಂದು ಹಾರನ್ ಹೊಡೆದರೂ ಕೇಳದ ಕಿವಿ ಅವರದು. ನೆಲ್ಲಿ ಬೀಜ ತಟ್ಟೆಗೆ ಬಿದ್ದರೆ ಮಾತ್ರ ಅದು ಹೇಗೋ ಕೇಳುತ್ತದೆ. ಕೇಳಿದ ಕೂಡಲೇ "ಜಿಂಕೆ" ಅನ್ನುತ್ತಾರೆ. ಅಂದಮೇಲೆ ತಾವು ಜಿಂಕೆ ಹೊಡೆದ ಕಥೆ ಶುರು. ಐವತ್ತು ವರ್ಷದಿಂದ ಇದೇ ಆಗಿದೆ. ಮೊದಮೊದಲು ಆ ಜಿಂಕೆ ಜಿಂಕೆಯಷ್ಟೇ ಇತ್ತು. ನನ್ನ ಮಗನ ನಾಮಕರಣದ ಹೊತ್ತಿಗೆ ಕರುವಿನಷ್ಟಾಯಿತು. ಅವನ ಮದುವೆ ಹೊತ್ತಿಗೆ ಹಸುವಿನಷ್ಟು. ಹೀಗೇ ಬಿಟ್ಟಿದ್ದರೆ ಅದಕ್ಕೆ ಸೊಂಡಿಲೂ ಬರುತ್ತಿತ್ತು.

ಇವತ್ತು ಏನಂದರು ಅಂತ ಹೇಳುತ್ತೇನೆ. ಅದಕ್ಕೆ ಮೊದಲು ನಿಮಗೆ ನೆಲ್ಲಿಕಾಯಿ ವಿಷಯ ಗೊತ್ತಾಗಬೇಕು.

ನಮ್ಮೂರು ಅರಸೀಕೆರೆಗೂ ಹಳೇಬೀಡಿಗೂ ನಡುವೆ. ಊರ ಹಿಂದೆ ಒಂದು ಕುರುಚಲು ಗುಡ್ಡ, ಗುಡ್ಡದಲ್ಲಿ ಎರಡು ನೆಲ್ಲಿ ಮರ. ಇಳಿಜಾರಿನದು ದೊಡ್ಡ ಮರ. ಕಾಯಿ ನಿಂಬೆಹಣ್ಣಿನ ಗಾತ್ರ, ನೋಡಿದರೆ ಬಾಯಲ್ಲಿ ನೀರು ಬರುತ್ತದೆ. ಕಚ್ಚಿದರೆ ಒಗರಿಗೆ ನಾಲಿಗೆ ಚಪ್ಪಲಿ ಚರ್ಮದ ಹಾಗಾಗುತ್ತದೆ. ಇನ್ನೊಂದು ಬಂಡೆ ಪಕ್ಕದ ಸೊಟ್ಟ ಮರ. ಗೋಲಿಯಷ್ಟು ಕಾಯಿ, ಮೈಮೇಲೆ ಕಪ್ಪು ಮಚ್ಚೆ, ಮನುಷ್ಯರು ಯಾರೂ ತಿರುಗಿ ನೋಡುವುದಿಲ್ಲ. ಸಿಹಿ ಇರುವುದು ಅದರಲ್ಲಿ. ಮೇಲೆ ಮುಸುವ ಕೋತಿ ಕೂತು ಅರ್ಧ ತಿಂದು ಅರ್ಧ ಬೀಳಿಸಿದರೆ ಕೆಳಗೆ ಜಿಂಕೆ ಹೆಕ್ಕುತ್ತದೆ. ಸೊಟ್ಟ ಮರದ್ದು ಪೂರ್ತಿ ಮುಗಿದು, ಹೊಟ್ಟೆಗೆ ಬೇರೆ ದಾರಿ ಇಲ್ಲ ಅಂದಮೇಲೇ ಅದು ದೊಡ್ಡ ಮರಕ್ಕೆ ಹೋಗುವುದು.

ಬೇಟೆಯವರು ಮೋಸ ಹೋಗುವುದೇ ಇಲ್ಲಿ. ನೆಲದ ತುಂಬ ಕಾಯಿ ಬಿದ್ದಿರುವ ಮರ ಕಂಡರೆ ಇಲ್ಲಿಗೇ ಬರುತ್ತೆ ಅಂತ ಕೂರುತ್ತಾರೆ. ಬರುವ ಹಾಗಿದ್ದರೆ ಕಾಯಿ ಯಾಕೆ ಬಿದ್ದಿರುತ್ತಿತ್ತು? ಕಾಯಿ ಒಂದೂ ಇಲ್ಲದೆ, ಗುಡಿಸಿದ ಹಾಗಿರುವ ನೆಲ ಹುಡುಕಬೇಕು. ಮದುವೆ ಮನೆಯಲ್ಲಿ ಯಾವ ಪಾತ್ರೆ ಮೊದಲು ಖಾಲಿಯಾಯಿತು ಅಂತ ನೋಡುವ ಹೆಂಗಸರಿಗೆ ಇದು ತಿಳಿಯುತ್ತದೆ. ಬಡಿಸುವವರೆಗೂ ಕಾದು ಕೂರುವ ಗಂಡಸರಿಗೆ ಹೇಗೆ ತಿಳಿಯಬೇಕು?

ಇನ್ನು ಬೀಜ. ಜಿಂಕೆಯಾಗಲಿ ಮೇಕೆಯಾಗಲಿ ನೆಲ್ಲಿಕಾಯಿ ಇಡೀ ನುಂಗುತ್ತದೆ. ಆಮೇಲೆ ಎಲ್ಲೋ ನೆರಳಲ್ಲಿ ಮಲಗಿ ಮೆಲುಕು ಹಾಕುವಾಗ ಬೀಜ ಉಗುಳುತ್ತದೆ. ಬೀಜದ ರಾಶಿ ಕಂಡರೆ ಅದು ಉಂಡ ಜಾಗವಲ್ಲ, ಮಲಗಿದ ಜಾಗ. ಗುಡ್ಡದ ಬುಡದಲ್ಲಿ ಒಂದು ಹೊಂಗೆ ಮರ ಇದೆ. ಅದರ ಕೆಳಗೆ ಬೊಗಸೆಗಟ್ಟಲೆ ನೆಲ್ಲಿ ಬೀಜ ಬಿದ್ದಿರುತ್ತಿತ್ತು. ಅದು ನಮ್ಮ ಮನೆ ಮೇಕೆಗಳ ಮಧ್ಯಾಹ್ನದ ಹಾಸಿಗೆ. ನಾನು ಅಲ್ಲೇ ಬುತ್ತಿ ಬಿಚ್ಚುತ್ತಿದ್ದೆ.

ನನ್ನ ತವರು ಹುಲಿಕೆರೆ. ಮದುವೆಯಾಗಿ ಬರುವಾಗ ನಮ್ಮಪ್ಪ ಒಂದು ಮೇಕೆ ಕೊಟ್ಟಿದ್ದ. ಕಂದು ಮೈ, ಬೆನ್ನ ತುಂಬ ಬಿಳಿ ಚುಕ್ಕಿ. ಚುಕ್ಕಿ ಅಂತಲೇ ಹೆಸರು. ಮರಿಯಾಗಿದ್ದಾಗ ಅದರ ಮುಂಗಾಲು ಮುರಿದು, ಅಪ್ಪ ಬಿದಿರಿನ ಸೀಳು ಕಟ್ಟಿ ಕೂಡಿಸಿದ್ದ. ಮೂಳೆ ಕೂಡಿತು, ಅಡಿಕೆಯಷ್ಟು ಗಂಟು ಉಳಿಯಿತು. ಗಂಡನ ಮನೆಯಲ್ಲಿ ಒಲೆ ಅತ್ತೆಯದು, ಪಾತ್ರೆ ಅತ್ತೆಯದು, ನನ್ನ ಗಂಡ ಕೂಡ ಮುಕ್ಕಾಲು ಪಾಲು ಅತ್ತೆಯವನೇ. ನನ್ನದು ಅಂತ ಇದ್ದದ್ದು ಚುಕ್ಕಿ, ಮತ್ತೆ ಮೇಕೆ ಹಿಂದೆ ಗುಡ್ಡಕ್ಕೆ ಹೋಗುವ ಕೆಲಸ. ಗುಡ್ಡದಲ್ಲಿ ನನ್ನನ್ನು ಹೀಗೆ ಕೂರು ಹಾಗೆ ನಿಲ್ಲು ಅನ್ನುವವರಿರಲಿಲ್ಲ.

ಬಾವನ ಹತ್ತಿರ ಒಂದು ಕೋವಿ ಇತ್ತು. ಹೊಡೆದದ್ದು ಕಾಣೆ, ಎಣ್ಣೆ ಹಾಕಿ ಒರೆಸಿದ್ದು ನೂರು ಸಲ ಕಂಡಿದ್ದೇನೆ. ಒಂದು ಸಲ ಅರಸೀಕೆರೆಗೆ ಕೊಬ್ಬರಿ ಹಾಕಲು ಹೋದವರು ಮಂಡಿ ಸಾಹುಕಾರನ ಮುಂದೆ ಬಾಯಿ ಬಿಟ್ಟು ಬಂದರು. "ಬರೋ ಭಾನುವಾರ ಬನ್ನಿ ಸ್ವಾಮಿ, ಜಿಂಕೆ ಮಾಂಸ ಉಣ್ಣಿಸ್ತೀನಿ." ಜಿಂಕೆ ಹೊಡೆಯಬಾರದು ಅಂತ ಕಾಯ್ದೆ ಬಂದ ಹೊಸತು. ಕಾಯ್ದೆ ಅರಸೀಕೆರೆವರೆಗೆ ರೈಲಿನಲ್ಲಿ ಬಂದಿತ್ತು, ನಮ್ಮೂರಿಗೆ ಇನ್ನೂ ಬಸ್ಸು ಹತ್ತಿರಲಿಲ್ಲ. ಮೊದಲೆರಡು ದಿನ ಬಾವ ದೊಡ್ಡ ನೆಲ್ಲಿ ಮರದ ಹತ್ತಿರ ಕೂತರು. ಕಾಯಿ ಬಿದ್ದಿತ್ತಲ್ಲ, ಅದಕ್ಕೆ. ಸೊಳ್ಳೆ ಬಂತು, ಜಿಂಕೆ ಬರಲಿಲ್ಲ. ಮೂರನೇ ದಿನ ಹೊಂಗೆ ಕೆಳಗಿನ ಬೀಜದ ರಾಶಿ ಕಂಡರು. ಮನೆಗೆ ಬಂದು ಹೇಳಿದ್ದೇ ಹೇಳಿದ್ದು. "ಸಿಕ್ತು ಕಣವ್ವಾ ಜಾಗ! ದಿನಾ ಅಲ್ಲೇ ಬಂದು ತಿಂದೋಗ್ತಾವೆ. ನಾಳೆ ಬೆಳಕರಿಯೋ ಹೊತ್ಗೆ ಮರದ್ ಮೇಲೆ ಅಟ್ಟಣೆ ಕಟ್ಕಂಡು ಕೂತಿರ್ತೀನಿ."

ಆಗ ತಮ್ಮನ ಹೆಂಡತಿ ಬಾವನ ಜೊತೆ ನೇರ ಮಾತಾಡುವ ಹಾಗಿರಲಿಲ್ಲ. ಮುಖವನ್ನೂ ನೋಡುವ ಹಾಗಿರಲಿಲ್ಲ. ಏನಾದರೂ ಹೇಳಲೇಬೇಕಿದ್ದರೆ ಪಡಸಾಲೆ ಕಂಬಕ್ಕೆ ಹೇಳಬೇಕು. ಬಾವನೂ ಕಂಬಕ್ಕೇ ಉತ್ತರ ಕೊಡುವರು. ನಮ್ಮಿಬ್ಬರ ನಡುವೆ ಆ ಕಂಬ ದುಡಿದಷ್ಟು ಪೋಸ್ಟ್ ಆಫೀಸೂ ದುಡಿದಿಲ್ಲ. ಮುಂದೆ ಹಳೇ ಮನೆ ಕೆಡವಿ ತಾರಸಿ ಕಟ್ಟಿಸಿದಾಗಲೂ ಅದೊಂದನ್ನು ತಂದು ಜಗುಲಿಯಲ್ಲಿ ನಿಲ್ಲಿಸಿದರು. ಇಲ್ಲದಿದ್ದರೆ ನಾವಿಬ್ಬರೂ ಮೂಗರಾಗಿಬಿಡುತ್ತಿದ್ದೆವು.

ಆವತ್ತು ಕಂಬಕ್ಕೆ ಹೇಳಿದೆ. "ಕಂಬವೇ, ಆ ಬೀಜ ಉಗುಳಿರೋದು ನಮ್ ಮೇಕೆ. ಜಿಂಕೆ ಬೇಕಾದ್ರೆ ಬಂಡೆ ತಾವ ಸೊಟ್ಟ ಮರ ನೋಡ್ಬೇಕಂತೆ."

ಬಾವ ನಕ್ಕರು. ಗೆಳೆಯನ ಹೆಗಲ ಮೇಲೆ ಹಾಕುವ ಹಾಗೆ ಕಂಬದ ಮೇಲೆ ಕೈ ಹಾಕಿ ಅಂದರು. "ಕಂಬವೇ, ಮೇಕೆ ಮೇಯಿಸೋರು ಮೇಕೆ ಮೇಯಿಸ್ಲಿ. ಅಂಗೇ ನಾಳೆ ಬೆಳಗ್ಗೆ ಮೇಕೆ ಕತ್ನಾಗಿನ ಗಂಟೆಗಳ್ನೆಲ್ಲ ಬಿಚ್ಚಿಡಕ್ಕೇಳು. ಸದ್ದಿಗೆ ಜಿಂಕೆ ಬೆದರ್ತಾವೆ."

ಬಿಚ್ಚಿಟ್ಟೆ. ನನ್ನ ಕೈಯಾರೆ ಬಿಚ್ಚಿಟ್ಟೆ.

ಹಗ್ಗ ಕಳಚಿಕೊಂಡು ಎಲ್ಲರಿಗಿಂತ ಮೊದಲು ಗುಡ್ಡ ಹತ್ತುವುದು ಚುಕ್ಕಿಗೆ ಅಭ್ಯಾಸ. ಬೆಳಕು ಹರಿಯುವ ಹೊತ್ತಿಗೆ ಢಂ ಅಂತ ಒಂದೇ ಸದ್ದು. ಸ್ವಲ್ಪ ಹೊತ್ತಿಗೆ ಬಾವ ಮುತ್ತುಗದ ಎಲೆಯಲ್ಲಿ ಮಾಂಸ ಕಟ್ಟಿಕೊಂಡು ಬಂದರು. ತಲೆ ಎಲ್ಲಿ, ಚರ್ಮ ಎಲ್ಲಿ ಅಂತ ಅತ್ತೆ ಕೇಳಿದರೆ, "ಕಾಯ್ದೆ ಐತಲ್ಲವ್ವ, ಮನೇಗ್ ತಂದ್ರೆ ಜೈಲು. ಅಲ್ಲೇ ಹೂತ್ ಬಂದೆ" ಅಂದರು. ಆ ಕಾಯ್ದೆಯಿಂದ ನಮ್ಮೂರಲ್ಲಿ ಮೊದಲು ಉಪಕಾರವಾದದ್ದು ಬಾವನಿಗೇ. "ಕೊಂಬು?" ಅಂದರೆ, "ಹೆಣ್ಣು ಜಿಂಕೆ, ಕೊಂಬಿಲ್ಲ."

ಮಸಾಲೆ ಅರೆದದ್ದು ನಾನು. ಮಾಂಸ ತೊಳೆದದ್ದೂ ನಾನು. ತೊಳೆಯುವಾಗ ಒಂದು ಮುಂಗಾಲಿನ ಮೂಳೆ ಕೈಗೆ ಬಂತು. ಅದರ ಮೇಲೆ ಅಡಿಕೆಯಷ್ಟು ಗಂಟು. ಅಳು ಬಂತಾ ಅಂತ ಕೇಳಬೇಡಿ. ಈರುಳ್ಳಿ ಹೆಚ್ಚುವುದು ಬಾಕಿ ಇತ್ತು, ಹೆಚ್ಚಿದೆ.

ಸಾಹುಕಾರ ಬಂದು ಉಂಡ. ಹೊಗಳಿದ್ದಕ್ಕೆ ಲೆಕ್ಕವಿಲ್ಲ. "ಕಾಡಿನ ವಾಸನೆ ಬರುತ್ತೆ ಗೌಡ್ರೇ. ಮೇಕೆ ಮಾಂಸಕ್ಕೂ ಇದಕ್ಕೂ ಅಜಗಜಾಂತರ!" ಅಜ ಅಂದರೆ ಮೇಕೆ ಅಂತ ನನಗೆ ಗೊತ್ತಾದದ್ದು ಬಹಳ ವರ್ಷದ ಮೇಲೆ. ಅಷ್ಟು ದೊಡ್ಡ ಮನುಷ್ಯ ಎಲೆ ಮುಂದೆ ಕೂತು ಅದರ ಹೆಸರು ಹಿಡಿದೇ ಕೂಗಿದ್ದ, ಪಾಪ.

ಬಾವನ ಎಲೆಗೆ ಬಡಿಸುವಾಗ ಆ ಗಂಟಿನ ಮೂಳೆಯನ್ನೇ ಹುಡುಕಿ ಹಾಕಿದೆ. ಅವರು ಎತ್ತಿದರು, ತಿರುಗಿಸಿ ನೋಡಿದರು, ಕಚ್ಚದೆ ಎಲೆ ತುದಿಗೆ ಇಟ್ಟರು. ಅದರ ಮೇಲೆ ಒಂದು ಹಿಡಿ ಅನ್ನ ಮುಚ್ಚಿದರು.

ಸಾಯಂಕಾಲ ಚುಕ್ಕಿ ಬರಲಿಲ್ಲ ಅಂತ ಅತ್ತೆ ಕೂಗಾಡಿದರು. "ಚಿರ್ತೆ ಬಾಯಿಗೆ ಕೊಟ್ಟು ಬಂದವ್ಳೆ! ಗಂಟೆ ಬೇರೆ ಬಿಚ್ಚವ್ಳೆ ಮೂದೇವಿ!" ಬಾವ ಅಲ್ಲೇ ಕೋವಿ ಒರೆಸುತ್ತಿದ್ದರು, ತಲೆ ಎತ್ತಲಿಲ್ಲ. ನಾನು ಬಾಯಿ ತೆರೆದಿದ್ದರೆ ಯಾರು ನಂಬುತ್ತಿದ್ದರು? ಮಾರನೇ ದಿನದಿಂದ ಮೇಕೆ ಹಿಂದೆ ಹೋಗುವ ಕೆಲಸ ಬೇರೆಯವರಿಗಾಯಿತು, ನಾನು ಒಲೆ ಮುಂದೆ. ಊರಿಗೆ ನಾನು ಮೇಕೆ ಕಳೆದವಳು. ನೆಲ್ಲಿ ಬೀಜ ಟಣ್ ಅಂದಾಗಲೆಲ್ಲ ಬಾವ ಜಿಂಕೆ ಅನ್ನುತ್ತಿದ್ದರಲ್ಲ, ಪ್ರತಿ ಸಲ ನಾನು ಇನ್ನೊಂದು ಸಲ ಮೇಕೆ ಕಳೆಯುತ್ತಿದ್ದೆ. ನನಗೆ ಬೇಕಾಗಿದ್ದದ್ದು ಒಂದೇ. ಅದು ಮೇಕೆ ಅಂತ ಆ ಬಾಯಲ್ಲಿ ಬರಬೇಕು.

ಬೇಲೂರು ಗುಡಿಯಲ್ಲಿ ಬೇಟೆಯಾಡುವ ಒಬ್ಬ ಕಲ್ಲಿನ ಹೆಂಗಸಿದ್ದಾಳೆ. ಪಕ್ಕದಲ್ಲಿ ಜಿಂಕೆ ಹೊತ್ತುಕೊಂಡ ಆಳು. ಒಂದು ಸಲ ಹೋದಾಗ ಗೈಡು ಅವಳ ಸೊಂಟ ತೋರಿಸಿದ, ಬಳೆ ತೋರಿಸಿದ. ನಾನು ಆಳು ಹೊತ್ತ ಪ್ರಾಣಿಯ ಮುಂಗಾಲು ನೋಡುತ್ತ ನಿಂತಿದ್ದೆ. ಗಂಟಿರಲಿಲ್ಲ. ಅವರದ್ದು ನಿಜವಾದ ಜಿಂಕೆಯೇ ಇರಬೇಕು.

ಹೋದ ತಿಂಗಳು ಒಬ್ಬ ಹುಡುಗಿ ಬಂದಳು. ಕಾಡುಪ್ರಾಣಿ ಬಗ್ಗೆ ಓದುತ್ತಾಳಂತೆ. "ತಾತ, ಇಲ್ಲಿ ಜಿಂಕೆ ಯಾವ ಮರದ ಕಾಯಿ ಇಷ್ಟಪಟ್ಟು ತಿನ್ನುತ್ತೆ? ಅಲ್ಲಿ ಕ್ಯಾಮೆರಾ ಕಟ್ಬೇಕು" ಅಂತ ಬಾವನ ಕಿವಿಯಲ್ಲಿ ಕೂಗಿದಳು. ಬಾವನಿಗೆ ಮೀಸೆ ಮತ್ತೆ ಹುಟ್ಟಿದ ಹಾಗಾಯಿತು.

"ಹೊಂಗೆ ಮರಕ್ಕೆ ಕಟ್ಟು ಕಣಮ್ಮ. ನಾನೇ ಹೊಡ್ದಿದೀನಿ ಅಲ್ಲಿ!"

"ಅಯ್ಯೋ ತಾತ, ಹಾಗೆಲ್ಲ ಹೇಳ್ಬೇಡಿ, ಕೇಸ್ ಆಗುತ್ತೆ."

"ಆಗ್ಲಿ ಬಿಡು, ಹಾಕ್ಸು ಹೋಗು!"

ಜಿಂಕೆ ಹೊಡೆದೆ ಅಂತ ಜೈಲಿಗೆ ಹೋಗಲು ತಯಾರು, ಮೇಕೆ ಹೊಡೆದೆ ಅಂತ ಮನೆಯಲ್ಲಿರಲು ತಯಾರಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ. ಕೇಳದೆ ಹೇಳುವ ಚಟ ನನಗೆ ಬಿಟ್ಟುಹೋಗಿತ್ತು. ಅಕ್ಕಿ ಆರಿಸುತ್ತ ಕೂತೆ.

ಮೊನ್ನೆ ಹುಡುಗಿ ವಾಪಸ್ ಬಂದಳು. ಕ್ಯಾಮೆರಾದಲ್ಲಿದ್ದ ಫೋಟೋಗಳನ್ನೆಲ್ಲ ಫೋನಿಗೆ ಹಾಕಿಕೊಂಡಿದ್ದಳು. ನನ್ನ ಸೊಸೆ, ಪಕ್ಕದ ಮನೆಯ ಇಬ್ಬರು ಹೆಂಗಸರು ಎಲ್ಲ ಸುತ್ತ ಸೇರಿದರು. ಹೊಂಗೆ ಮರದ ಕೆಳಗೆ ಮೇಕೆ. ಮಲಗಿದ ಮೇಕೆ, ಮೆಲುಕು ಹಾಕುವ ಮೇಕೆ, ಕ್ಯಾಮೆರಾಗೇ ಅಂಡು ತಿರುಗಿಸಿ ನಿಂತ ಮೇಕೆ. ಹುಡುಗಿಗೆ ನಗು ತಡೆಯಲಿಲ್ಲ. "ನೋಡಿ ತಾತ, ನಿಮ್ಮ ಜಿಂಕೆ! ಬೀಜ ಉಗುಳ್ತಿರೋದೂ ಬಿದ್ದಿದೆ."

ಬಾವ ಫೋನನ್ನು ಕಣ್ಣಿನ ಹತ್ತಿರ ಹಿಡಿದುಕೊಂಡರು. ಒಂದು ಫೋಟೋದಲ್ಲಿ ಕಂದು ಮೇಕೆಯೊಂದು ಬಾಯಿ ತೆರೆದಿತ್ತು, ನಾಲಿಗೆ ಮೇಲೆ ಬೀಜ. ಅದನ್ನೇ ಬಹಳ ಹೊತ್ತು ನೋಡಿದರು. ಎಲ್ಲರೂ ನಗುತ್ತಿದ್ದರು, ನಾನು ನಗಲಿಲ್ಲ. ಆಮೇಲೆ ಅವರು ಕಂಬದ ಕಡೆ ತಿರುಗಿದರು.

"ಕಂಬವೇ," ಅಂದರು ಮೆಲ್ಲಗೆ, "ಅವಳಿಗ್ ಹೇಳು. ಅವತ್ತೂ ಮೇಕೆನೇ."

ನಾನು ಮೊರ ಕೆಳಗಿಟ್ಟು ಎದ್ದು ಹೋಗಿ ಅವರ ಎದುರಿಗೇ ನಿಂತೆ. ಐವತ್ತು ವರ್ಷದಲ್ಲಿ ಅವರ ಮುಖವನ್ನು ನೇರ ನೋಡಿದ್ದು ಅದೇ ಮೊದಲು. ಅಂಥ ವಿಶೇಷವೇನಿರಲಿಲ್ಲ, ಮೂಗು ಸ್ವಲ್ಪ ಸೊಟ್ಟ.

"ಕಂಬಕ್ಕೆ ವಯಸ್ಸಾಗೈತೆ ಬಾವ, ಕಿವಿ ಕೇಳ್ಸಲ್ಲ. ಜೋರಾಗಿ ಹೇಳಿ" ಅಂತ ಅವರ ಕಿವಿಯಲ್ಲಿ ಕೂಗಿದೆ.

ಅವರು ಜೋರಾಗಿ ಹೇಳಿದರು. ಕಿವುಡರಿಗೆ ಮೆತ್ತಗೆ ಹೇಳುವುದೇ ಕಷ್ಟ, ಜೋರು ಸಲೀಸು. "ಅವತ್ ನಾನ್ ಹೊಡ್ದಿದ್ದು ಮೇಕೆ! ಇವಳ ಚುಕ್ಕಿ! ಚಿರ್ತೆ ಅಲ್ಲ, ನಾನು! ಗಂಟೆ ಬಿಚ್ಚಿಸಿದ್ದೂ ನಾನೇ!" ಎದುರು ಮನೆಯವರೂ ಬಾಗಿಲಿಗೆ ಬಂದರು. ಸೊಸೆ ಬಾಯಿ ಮೇಲೆ ಸೆರಗು ಇಟ್ಟುಕೊಂಡಳು.

"ಸಾರಿಗೆ ಉಪ್ಪು ಸರಿಯಾಗಿತ್ತಾ ಬಾವ?" ಅಂತ ಮತ್ತೆ ಕಿವಿಯಲ್ಲಿ ಕೇಳಿದೆ.

ಬಾವ ಯೋಚನೆ ಮಾಡಿದರು. "ಒಂಚೂರು ಕಮ್ಮಿ" ಅಂದರು.

ಇದ್ದಿರಬಹುದು. ಆವತ್ತು ನಾನು ರುಚಿ ನೋಡಿರಲಿಲ್ಲ.

ಹುಡುಗಿಯನ್ನು ನಾನೇ ಗುಡ್ಡಕ್ಕೆ ಕರೆದುಕೊಂಡು ಹೋದೆ, ಕೋಲು ಊರಿಕೊಂಡು, ನಾಲ್ಕು ಕಡೆ ಕೂತು. ಸೊಟ್ಟ ಮರದ ಕೆಳಗೆ ಒಂದು ಕಾಯಿಯೂ ಇರಲಿಲ್ಲ. "ಇಲ್ಲೇನೂ ಇಲ್ವಲ್ಲ ಅಜ್ಜಿ" ಅಂದಳು. "ಅದಕ್ಕೇ ಇಲ್ಲಿ ಕಟ್ಟು" ಅಂದೆ. ಕ್ಯಾಮೆರಾಕ್ಕೆ ಹೊಟ್ಟೆ ಇರುವುದಿಲ್ಲ ಅಂತ ಮೊದಲೇ ಖಾತ್ರಿ ಮಾಡಿಕೊಂಡಿದ್ದೆ. ಜಿಂಕೆ ಬೀಳುತ್ತದೋ ಇಲ್ಲವೋ ಅವಳ ಪಾಡು. ಇಳಿಯುವಾಗ ದಾರಿಯಲ್ಲಿ ಮೇಕೆ ಮೇಯಿಸುವವಳು ಸಿಕ್ಕಿ "ಏನಜ್ಜಿ, ಈ ಕಡೆ?" ಅಂದಳು. "ಇದು ನಮ್ ದಾರಿ ಕಣೇ" ಅಂದೆ.

ಇವತ್ತು ಬೆಳಗ್ಗೆ ಬೀಜ ಟಣ್ ಅಂದಾಗ ಅದಕ್ಕೇ ಕಿವಿ ಕೊಟ್ಟು ಕೂತಿದ್ದೆ. ತೊಂಬತ್ತರ ಮನುಷ್ಯ, ರಾತ್ರಿ ಕಳೆದರೆ ಮರೆತಿರಬಹುದು, ಜಿಂಕೆ ಎದ್ದು ಬಂದಿರಬಹುದು. ಬಾವ ಕೆಮ್ಮಿದರು. ಕಂಬದ ಕಡೆ ತಿರುಗಲಿಲ್ಲ, ಒಳಗೆ ನನ್ನ ಕಡೆಗೇ ಕತ್ತು ಚಾಚಿದರು.

"ಮೇಕೆ" ಅಂದರು.

ನಾನು ಇನ್ನೊಂದು ನೆಲ್ಲಿಕಾಯಿ ತೆಗೆದುಕೊಂಡೆ.